ವರ್ಣತಂತುಗಳ ಪಾಲುಪಾರೀಕತ್ತು

ಎಕ್ಕದ ಗಿಡದ ಮಿಡತೆಯನ್ನು ಬಯಲುಸೀಮೆಯಲ್ಲಿ ಬೆಳೆದವರು ಮರೆಯುವುದಿಲ್ಲ. ಹಳದಿ ಮೈ, ಅದರ ಮೇಲೆ ನೀಲಿ ಪಟ್ಟೆ. ಹಾಲುಗಳ್ಳಿಯಂತೆ ವಿಷದ ಹಾಲು ಸುರಿಸುವ ಎಲೆಯನ್ನೇ ತಿಂದು ಅರಗಿಸಿಕೊಂಡು, ಯಾರಿಗೂ ಹೆದರದೆ ಗಿಡದ ತುದಿಯಲ್ಲಿ ಕೂತಿರುತ್ತದೆ. ಬಿ.ಎಸ್ಸಿ. ಓದುವಾಗ ಒಂದು ದಿನ ನಮ್ಮ ಮೇಷ್ಟ್ರು, 'ನಾಳೆ ಪ್ರಾಕ್ಟಿಕಲ್‌ಗೆ ಬರುವಾಗ ಎಲ್ಲರೂ ಒಂದೊಂದು ಗಂಡು ಮಿಡತೆ ಹಿಡಿದುಕೊಂಡು ಬನ್ನಿ' ಎಂದರು. ಹೆಣ್ಣು ದೊಡ್ಡದು, ಗಂಡು ಚಿಕ್ಕದು, ಗುರುತಿಸುವುದು ಕಷ್ಟವಿರಲಿಲ್ಲ. ಊರಾಚೆಯ ಬೇಲಿಸಾಲಿನಲ್ಲಿ ಹುಡುಕಿ, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದು ನೆನಪಿದೆ.

ಮಿಡತೆಯ ಹೊಟ್ಟೆ ಸೀಳಿದರೆ ಹಳದಿ ಕೊಬ್ಬಿನ ನಡುವೆ ಸಣ್ಣ ಕೊಳವೆಗಳ ಗೊಂಚಲು ಸಿಗುತ್ತದೆ. ಅದೇ ವೃಷಣ. ಸೂಜಿಯಿಂದ ಒಂದೆರಡು ಕೊಳವೆ ಬಿಡಿಸಿ, ಗಾಜಿನ ಮೇಲಿಟ್ಟು, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಎರಡು ಹನಿ ಬಿಟ್ಟು ಕಾಯಬೇಕು. ಆಮೇಲೆ ಕವರ್‌ಸ್ಲಿಪ್ ಮುಚ್ಚಿ, ಸ್ಪಿರಿಟ್ ದೀಪದ ಮೇಲೆ ಲಘುವಾಗಿ ಬಿಸಿ ತೋರಿಸಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಗಾಜು ಅತ್ತಿತ್ತ ಸರಿಯಬಾರದು. ನನ್ನ ಮೊದಲ ಗಾಜು ಒಡೆಯಿತು. ಎರಡನೆಯದರಲ್ಲಿ ಬರಿಯ ಕೆಂಪು ಮಸುಕು. ಮೂರನೆಯದನ್ನು ಮೇಷ್ಟ್ರು ತಾವೇ ಸೂಕ್ಷ್ಮದರ್ಶಕದಲ್ಲಿಟ್ಟು ತಿರುಪು ತಿರುವಿ, ಏನೂ ಹೇಳದೆ ಪಕ್ಕಕ್ಕೆ ಸರಿದರು. ನೋಡಿದೆ. ಒಂದು ಕೋಶದೊಳಗೆ ಕಡುಗೆಂಪು ಎಳೆಗಳು ಜೋಡಿಜೋಡಿಯಾಗಿ ನಿಂತಿದ್ದವು. ಕೆಲವು ಉಂಗುರದಂತೆ, ಕೆಲವು ಎಂಟರ ಅಂಕಿಯಂತೆ, ಕೆಲವು ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಕಡ್ಡಿಯಂತೆ. ಪಕ್ಕದ ಕೋಶದಲ್ಲಿ ಅದೇ ಎಳೆಗಳು ಎರಡು ಗುಂಪಾಗಿ, ಹಗ್ಗಜಗ್ಗಾಟದವರ ಹಾಗೆ ಎರಡು ದಿಕ್ಕಿಗೆ ಎಳೆದುಕೊಂಡು ಹೋಗುತ್ತಿದ್ದವು.

ಪಠ್ಯಪುಸ್ತಕದಲ್ಲಿ ಮಿಯಾಸಿಸ್ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ದೇಹದ ಮಿಕ್ಕ ಕೋಶಗಳು ಒಡೆಯುವಾಗ ವರ್ಣತಂತುಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ. ಅಂಡಾಣು, ವೀರ್ಯಾಣುಗಳು ಹುಟ್ಟುವಾಗ ಮಾತ್ರ ಅದು ಅರ್ಧವಾಗುತ್ತದೆ. ಎಳೆಗಳು ನಕಲಾಗುವುದು ಒಂದು ಸಲ, ಕೋಶ ಒಡೆಯುವುದು ಎರಡು ಸಲ. ಹಾಗಾಗಿ ಒಂದು ಕೋಶ ನಾಲ್ಕಾಗುತ್ತದೆ, ಪ್ರತಿಯೊಂದಕ್ಕೂ ಅರ್ಧ ಪಾಲು. ಹೇಳಲು ಎರಡು ವಾಕ್ಯ ಸಾಕು. ಇದನ್ನು ಕಣ್ಣಾರೆ ಕಂಡು, ಕಂಡದ್ದರ ಅರ್ಥ ಹೊಂದಿಸಿ, ಹೆಸರಿಡುವುದಕ್ಕೆ ಯುರೋಪು ಅಮೆರಿಕಗಳ ಹತ್ತಾರು ಜನರಿಗೆ 1875ರಿಂದ 1905ರವರೆಗೆ ಮೂವತ್ತು ವರ್ಷ ಹಿಡಿಯಿತು.

ಕಥೆ ಶುರುವಾಗುವುದು ಮೆಡಿಟರೇನಿಯನ್ ಕಡಲ ದಡದಲ್ಲಿ. ಅಲ್ಲಿಯವರೆಗೆ ಗಂಡು ಹೆಣ್ಣು ಕೂಡಿದಾಗ ಒಳಗೆ ನಡೆಯುವುದೇನು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ವೀರ್ಯಾಣು ಮೊಟ್ಟೆಯನ್ನು ಮುಟ್ಟಿ ಕೆರಳಿಸುತ್ತದೆ ಅಷ್ಟೇ ಎಂದವರಿದ್ದರು. ಕರಗಿ ಬೆರೆಯುತ್ತದೆ ಎಂದವರಿದ್ದರು. ಜರ್ಮನಿಯ ಆಸ್ಕರ್ ಹರ್ಟ್‌ವಿಗ್ 1875ರಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಕಡಲ ಪ್ರಾಣಿಯ ಮೊಟ್ಟೆಯನ್ನು ಆರಿಸಿಕೊಂಡರು. ಆ ಮೊಟ್ಟೆ ಗಾಜಿನಷ್ಟು ತಿಳಿ. ವೀರ್ಯ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಮೊಟ್ಟೆಯ ಅಂಚಿನಲ್ಲಿ ಇನ್ನೊಂದು ಸಣ್ಣ ಕೋಶಕೇಂದ್ರ ಕಾಣಿಸಿಕೊಂಡು, ನಡುವಿನತ್ತ ಸರಿದು, ಮೊಟ್ಟೆಯ ಕೋಶಕೇಂದ್ರದ ಜೊತೆ ಒಂದಾಯಿತು. ಒಂದು ತಾಯಿಯದು, ಇನ್ನೊಂದು ತಂದೆಯದು. ಎರಡು ಕೂಡಿ ಒಂದು. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಫೋಲ್ ನಕ್ಷತ್ರಮೀನಿನ ಮೊಟ್ಟೆಯೊಳಕ್ಕೆ ವೀರ್ಯಾಣು ನುಗ್ಗುವುದನ್ನೇ ಕಂಡರು.

ಅದೇ ಹೊತ್ತಿಗೆ ಕೀಲ್ ನಗರದಲ್ಲಿ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕುತ್ತಿದ್ದರು. ಬಟ್ಟೆಗೆ ಹಾಕಲೆಂದು ಕಾರ್ಖಾನೆಗಳು ಹೊಸಹೊಸ ಕೃತಕ ಬಣ್ಣಗಳನ್ನು ಹೊರತರುತ್ತಿದ್ದ ಕಾಲವದು. ಆ ಬಣ್ಣಗಳಲ್ಲಿ ಕೆಲವು ಕೋಶಕೇಂದ್ರದ ಒಂದು ವಸ್ತುವಿಗೆ ಮಾತ್ರ ಗಾಢವಾಗಿ ಹಿಡಿಯುತ್ತಿದ್ದವು. ಕೋಶ ಒಡೆಯುವ ಮೊದಲು ಆ ವಸ್ತು ಎಳೆಎಳೆಯಾಗುತ್ತದೆ, ಪ್ರತಿ ಎಳೆಯೂ ಉದ್ದಕ್ಕೆ ಸೀಳುತ್ತದೆ, ಸೀಳಿದ ಒಂದೊಂದು ಅರ್ಧವೂ ಒಂದೊಂದು ಮರಿಕೋಶಕ್ಕೆ ಹೋಗುತ್ತದೆ ಎಂದು ಫ್ಲೆಮಿಂಗ್ ತೋರಿಸಿದರು. ಎಳೆಗಳಿಗೆ ಕ್ರೋಮೊಸೋಮ್ ಎಂಬ ಹೆಸರು ಬಂದದ್ದು 1888ರಲ್ಲಿ, ವಾಲ್ಡೆಯರ್ ಎಂಬವರಿಂದ. ಗ್ರೀಕಿನಲ್ಲಿ ಅದು ಬರಿಯ 'ಬಣ್ಣದ ಕಾಯ'. ನಮ್ಮ ವರ್ಣತಂತು ಎಂಬ ಮಾತು ಬಣ್ಣವನ್ನೂ ಹೇಳುತ್ತದೆ, ಎಳೆಯನ್ನೂ ಹೇಳುತ್ತದೆ. ಮೂಲಕ್ಕಿಂತ ಒಂದು ಕೈ ಮೇಲು ಎಂದೇ ನನ್ನ ಭಾವನೆ.

ಇಷ್ಟಾದರೂ ತಲೆಮಾರಿನಿಂದ ತಲೆಮಾರಿಗೆ ಎಳೆಗಳ ಸಂಖ್ಯೆ ಇದ್ದಷ್ಟೇ ಉಳಿಯುವುದು ಹೇಗೆ ಎಂಬ ಮುಖ್ಯ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಎತ್ತಲು ಎಳೆಗಳನ್ನು ಎಣಿಸಬೇಕಿತ್ತು. ಸಲಮಾಂಡರಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಎಳೆ, ಎಣಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಎಣಿಕೆಗೆ ಸಿಗುವ ಪ್ರಾಣಿ ಬೇಕಿತ್ತು. ಅದು ಸಿಕ್ಕಿದ್ದು ಕುದುರೆಯ ಕರುಳಿನಲ್ಲಿ.

ಕುದುರೆಯ ದುಂಡುಹುಳು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ನೋಡಲು ಅಸಹ್ಯ. ಆದರೆ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಎದುವಾರ್ ವಾನ್ ಬೆನೆಡನ್ ಅವರಿಗೆ ಅದರ ಹೊಟ್ಟೆಯಲ್ಲಿ ಸಿಕ್ಕಿದ್ದು ಒಂದು ಪಂಚಾಂಗ. ಅವರ ತಂದೆಯೂ ಪ್ರಾಣಿಶಾಸ್ತ್ರಜ್ಞರು, ಪರೋಪಜೀವಿ ಹುಳುಗಳ ಮೇಲೆಯೇ ಕೆಲಸ ಮಾಡಿದವರು. ಹುಳು ಮಗನಿಗೆ ಹೊಸತಲ್ಲ. ಹೆಣ್ಣುಹುಳುವಿನ ಗರ್ಭನಾಳ ಉದ್ದಕ್ಕೆ ಸುತ್ತಿಕೊಂಡಿರುತ್ತದೆ. ಮೇಲಿನ ತುದಿಯಲ್ಲಿ ವೀರ್ಯಾಣು ಇನ್ನೂ ಸೇರದ ಮೊಟ್ಟೆ, ಸ್ವಲ್ಪ ಕೆಳಗೆ ಈಗಷ್ಟೇ ಸೇರಿದ್ದು, ಇನ್ನೂ ಕೆಳಗೆ ಎರಡು ಕೋಶಕೇಂದ್ರ ಸಿದ್ಧವಾಗಿ ಕೂತದ್ದು. ಒಂದೇ ಹುಳುವನ್ನು ಉದ್ದಕ್ಕೆ ಬಿಡಿಸಿಟ್ಟರೆ ಘಟನೆಗಳೆಲ್ಲ ನಡೆದ ಕ್ರಮದಲ್ಲೇ ಸಾಲಾಗಿ ಸಿಗುತ್ತವೆ. ಇದಕ್ಕಿಂತ ಮಿಗಿಲಾದ ಭಾಗ್ಯವೆಂದರೆ ಈ ಹುಳುವಿನ ಕೋಶದಲ್ಲಿ ಇರುವುದು ನಾಲ್ಕೇ ಎಳೆ. ಎಣಿಸಲು ಒಂದು ಕೈಯ ಬೆರಳು ಸಾಕು.

1883ರಲ್ಲಿ ವಾನ್ ಬೆನೆಡನ್ ಪ್ರಕಟಿಸಿದ ದೊಡ್ಡ ಪ್ರಬಂಧದಲ್ಲಿ ಈ ಎಣಿಕೆ ಇದೆ. ವೀರ್ಯಾಣುವಿನಿಂದ ಬಂದ ಕೋಶಕೇಂದ್ರದಲ್ಲಿ ಎರಡು ಎಳೆ. ಮೊಟ್ಟೆಯ ಕೋಶಕೇಂದ್ರದಲ್ಲಿ ಎರಡು ಎಳೆ. ಎರಡೂ ಸೇರಿ ನಾಲ್ಕು. ಭ್ರೂಣದ ಮೊದಲ ಕೋಶ ಒಡೆಯುವಾಗ ನಾಲ್ಕೂ ಉದ್ದಕ್ಕೆ ಸೀಳಿ, ಎರಡು ಮರಿಕೋಶಗಳಿಗೂ ತಂದೆಯ ಎರಡು, ತಾಯಿಯ ಎರಡು ಹೋಗುತ್ತವೆ. ತಂದೆ ತಾಯಿ ಸಮಪಾಲು ಕೊಡುತ್ತಾರೆ ಎಂಬುದು ಅದುವರೆಗೆ ಊಹೆ, ನಂಬಿಕೆ, ವಾದ. ಈಗ ಅದು ಎಣಿಸಿ ತೋರಿಸಬಹುದಾದ ಸಂಗತಿಯಾಯಿತು. ಜೀವಶಾಸ್ತ್ರದ ಇತಿಹಾಸದಲ್ಲಿ ಎರಡು ಕೂಡಿಸು ಎರಡು ನಾಲ್ಕು ಎಂಬ ಲೆಕ್ಕಕ್ಕೆ ಇಷ್ಟು ಬೆಲೆ ಬಂದದ್ದು ಇನ್ನೆಲ್ಲೂ ಇಲ್ಲವೆಂದು ನನಗನಿಸುತ್ತದೆ.

ಕಂಡದ್ದು ಸರಿ, ಕಾರಣ ತಪ್ಪು. ಈ ಹುಳುವಿನಲ್ಲಿ ವೀರ್ಯಾಣು ಒಳಸೇರಿದ ಮೇಲೆ ಮೊಟ್ಟೆ ತನ್ನ ಅಂಚಿನಿಂದ ಎರಡು ಸಣ್ಣ ಗುಳಿಗೆಗಳನ್ನು ಒಂದರ ಹಿಂದೊಂದು ಹೊರಕ್ಕೆ ತಳ್ಳುತ್ತದೆ. ಧ್ರುವಕಾಯ ಎಂದು ಅವುಗಳ ಹೆಸರು. ಪ್ರತಿ ಕೋಶದಲ್ಲೂ ಗಂಡಂಶ ಹೆಣ್ಣಂಶ ಎರಡೂ ಇರುತ್ತವೆ, ಮೊಟ್ಟೆ ತನ್ನೊಳಗಿನ ಗಂಡಂಶವನ್ನು ಹೀಗೆ ಹೊರಹಾಕಿ ಹೊಸ ಗಂಡಂಶಕ್ಕೆ ಜಾಗ ಮಾಡಿಕೊಡುತ್ತದೆ ಎಂದು ವಾನ್ ಬೆನೆಡನ್ ಬಗೆದರು. ತಮ್ಮ ಕಣ್ಣೆದುರೇ ನಡೆಯುತ್ತಿದ್ದ ಮಿಯಾಸಿಸ್ ಅವರಿಗೆ ಮಿಯಾಸಿಸ್ ಆಗಿ ಕಾಣಲಿಲ್ಲ.

ಅದನ್ನು ಕಂಡವರು ಕಣ್ಣು ಸೋತವರು. ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ಆಗಸ್ಟ್ ವೈಸ್‌ಮನ್ ಮೊದಲು ಸೂಕ್ಷ್ಮದರ್ಶಕದ ಮುಂದೆಯೇ ಕೂತು ಕೀಟಗಳ ಬೆಳವಣಿಗೆ ಅಧ್ಯಯನ ಮಾಡಿದವರು. 1860ರ ದಶಕದಲ್ಲೇ ದೃಷ್ಟಿ ಕೆಟ್ಟಿತು. ಹೆಂಡತಿಯೂ ಸಹಾಯಕರೂ ಓದಿ ಹೇಳುತ್ತಿದ್ದರು, ಅವರು ಕೇಳಿಕೊಂಡು ಯೋಚಿಸುತ್ತಿದ್ದರು. ಲಿಯೇಜಿನ ನಾಲ್ಕು ಎಳೆಗಳ ಸಂಗತಿಯನ್ನು ಹಿಡಿದು ಅವರು ಹಾಕಿದ್ದು ಶಾಲೆಯ ಮಕ್ಕಳೂ ಹಾಕಬಹುದಾದ ಲೆಕ್ಕ. ಮೊಟ್ಟೆಯಲ್ಲೂ ವೀರ್ಯಾಣುವಿನಲ್ಲೂ ದೇಹದ ಕೋಶಗಳಲ್ಲಿ ಇರುವಷ್ಟೇ ಎಳೆ ಇದ್ದರೆ ನಾಲ್ಕಿದ್ದದ್ದು ಮಕ್ಕಳಲ್ಲಿ ಎಂಟಾಗಬೇಕು, ಮೊಮ್ಮಕ್ಕಳಲ್ಲಿ ಹದಿನಾರು. ಹತ್ತು ತಲೆಮಾರು ಕಳೆಯುವಷ್ಟರಲ್ಲಿ 4,096. ಹಾಗಾಗುತ್ತಿಲ್ಲ. ಕುದುರೆಯ ಹುಳುವಿನಲ್ಲಿ ಇವತ್ತಿಗೂ ನಾಲ್ಕೇ. ಹಾಗಿದ್ದ ಮೇಲೆ ಪ್ರತಿ ತಲೆಮಾರಿನಲ್ಲಿ ಎಲ್ಲೋ ಒಂದು ಕಡೆ ಅರ್ಧ ಮಾಡುವ ವಿಭಜನೆ ಇರಲೇಬೇಕು. ಅದು ಎಳೆಗಳನ್ನು ಉದ್ದಕ್ಕೆ ಸೀಳುವ ಮಾಮೂಲಿ ವಿಭಜನೆಯಾಗಿರಲಾರದು. ಇಡೀ ಎಳೆಗಳನ್ನೇ ಎರಡು ಪಾಲು ಮಾಡಿ ಕಳಿಸುವ ಬೇರೆಯೇ ಬಗೆ. ಮೊಟ್ಟೆ ಹೊರತಳ್ಳುವ ಧ್ರುವಕಾಯಗಳಲ್ಲಿ ಅದರ ಗುರುತಿದೆ, ವೀರ್ಯಾಣು ಹುಟ್ಟುವಾಗಲೂ ಇಂಥದೇ ಒಂದು ನಡೆಯುತ್ತಿರಬೇಕು, ಹುಡುಕಿ ಎಂದು 1887ರಲ್ಲಿ ವೈಸ್‌ಮನ್ ಬರೆದರು.

ಆ ಪುಟಗಳನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ನೆಪ್ಚೂನ್ ಗ್ರಹ ದೂರದರ್ಶಕಕ್ಕೆ ಸಿಗುವ ಮೊದಲು ಕಾಗದದ ಲೆಕ್ಕದಲ್ಲಿ ಸಿಕ್ಕಿತ್ತು. ಮಿಯಾಸಿಸ್ ಕೂಡ ಹಾಗೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಡಲಾರದವರ ಲೆಕ್ಕದಲ್ಲಿ ಮೊದಲು ಸಿಕ್ಕಿತು.

ಹುಡುಕಿದವರಿಗೆ ಕುರುಹು ಬೇಗಬೇಗ ಸಿಕ್ಕವು. ಸಲಮಾಂಡರಿನ ವೃಷಣದಲ್ಲಿ ಎರಡು ವಿಭಜನೆಗಳು ಒಂದರ ಬೆನ್ನಿಗೊಂದು ನಡೆಯುತ್ತವೆ, ಮೊದಲನೆಯದರ ಚಹರೆ ಬೇರೆಯೇ ಎಂದು ಫ್ಲೆಮಿಂಗ್ ಅದೇ 1887ರಲ್ಲಿ ಗುರುತಿಸಿದರು. ಥಿಯೊಡೋರ್ ಬೊವೆರಿ ಕುದುರೆಹುಳುವಿನ ಧ್ರುವಕಾಯಗಳ ಒಂದೊಂದು ಎಳೆಯನ್ನೂ ಬಿಡದೆ ಹಿಂಬಾಲಿಸಿದರು. 1890ರಲ್ಲಿ ಹರ್ಟ್‌ವಿಗ್ ಅದೇ ಹುಳುವಿನ ಅಂಡಾಶಯವನ್ನೂ ವೃಷಣವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ಒಗಟು ಬಿಡಿಸಿದರು. ಎರಡರಲ್ಲೂ ನಡೆಯುವುದು ಒಂದೇ: ಒಂದು ತಾಯಿಕೋಶ, ಎರಡು ವಿಭಜನೆ, ನಾಲ್ಕು ಪಾಲು. ವೃಷಣದಲ್ಲಿ ನಾಲ್ಕೂ ಸಮ, ನಾಲ್ಕೂ ವೀರ್ಯಾಣುಗಳಾಗುತ್ತವೆ. ಅಂಡಾಶಯದಲ್ಲಿ ವರ್ಣತಂತುಗಳ ಪಾಲು ಸಮವೇ, ಆದರೆ ಕಣಜ ಪೂರ್ತಿ ಒಬ್ಬರಿಗೆ. ಮೊಳೆಯಬೇಕಾದ ಭ್ರೂಣಕ್ಕೆ ಬುತ್ತಿ ಬೇಕಲ್ಲ. ಅದನ್ನು ನಾಲ್ವರಿಗೆ ಹಂಚಿದರೆ ಯಾರಿಗೂ ಸಾಲದು. ಹಾಗಾಗಿ ಒಂದು ದೊಡ್ಡ ಮೊಟ್ಟೆ, ಉಳಿದವು ಬರಿಗೈಯಲ್ಲಿ ಹೊರಬೀಳುವ ಧ್ರುವಕಾಯಗಳು.

ಮುಂದಿನ ಹತ್ತು ವರ್ಷ ಜಗಳದಲ್ಲಿ ಕಳೆಯಿತು. ಅರ್ಧವಾಗುವುದು ಮೊದಲ ವಿಭಜನೆಯಲ್ಲೋ ಎರಡನೆಯದರಲ್ಲೋ, ಎಳೆಗಳು ಜೋಡಿಯಾದದ್ದೋ ಒಂದೇ ಎಳೆ ಸೀಳಿ ಜೋಡಿಯಂತೆ ಕಾಣುವುದೋ ಎಂದು ಒಬ್ಬೊಬ್ಬರು ಒಂದೊಂದು ಪ್ರಾಣಿ, ಒಂದೊಂದು ಗಿಡ ಹಿಡಿದು ವಾದಿಸಿದರು. ಅದರ ವಿವರ ಇವತ್ತಿಗೆ ಬೇಡ. ಅದರಿಂದ ತೇಲಿಬಂದ ಒಂದು ಮಾತು ಮಾತ್ರ ಮುಖ್ಯ. ಅಮೆರಿಕದ ಥಾಮಸ್ ಮಾಂಟ್‌ಗೊಮೆರಿ 1901ರಲ್ಲಿ ಹೇಳಿದ್ದು: ಅರ್ಧವಾಗುವ ಮುನ್ನ ಎಳೆಗಳು ಜೋಡಿಗೂಡುತ್ತವೆ, ಪ್ರತಿ ಜೋಡಿಯಲ್ಲೂ ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು.

ಹಳ್ಳಿಯ ಮನೆಗಳಲ್ಲಿ ಪಾಲುಪಾರೀಕತ್ತು ಆಗುವುದನ್ನು ಕಂಡವರಿಗೆ ಇದು ಬೇಗ ಹಿಡಿಸುತ್ತದೆ. ಬೇರೆಯಾಗಬೇಕೆಂದು ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಹೋದರೆ ಅದು ಪಾಲಲ್ಲ, ಕೊಳ್ಳೆ. ಮೊದಲು ಎಲ್ಲರೂ ಜಗಲಿಯ ಮೇಲೆ ಕೂಡಬೇಕು, ಗದ್ದೆಗೆ ಗದ್ದೆ, ತೋಟಕ್ಕೆ ತೋಟ ಎದುರುಬದುರು ಇಟ್ಟು ನೋಡಬೇಕು. ಆಮೇಲೆ ಬೇರೆ. ಮಿಯಾಸಿಸ್ಸಿನ ಹೆಚ್ಚಿನ ಹೊತ್ತು ಕಳೆಯುವುದೂ ಈ ಕೂಡುವುದರಲ್ಲೇ. ತಂದೆಯ ಒಂದನೇ ತಂತು ತಾಯಿಯ ಒಂದನೇ ತಂತುವನ್ನು ಹುಡುಕಿ ತುದಿಯಿಂದ ತುದಿಗೆ ಹೊಂದಿಕೊಳ್ಳುತ್ತದೆ, ಎರಡನೆಯದು ಎರಡನೆಯದನ್ನು. ಮೊದಲ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗುತ್ತವೆ. ಎರಡನೆಯದರಲ್ಲಿ ಪ್ರತಿ ತಂತುವಿನ ಎರಡು ನಕಲುಗಳು ಬೇರೆಯಾಗುತ್ತವೆ. ನನ್ನ ಮಿಡತೆಯ ಗಾಜಿನಲ್ಲಿ ಕಂಡ ಉಂಗುರಗಳು ಜಗಲಿಯಲ್ಲಿ ಕೂಡಿದವರು, ಹಗ್ಗ ಜಗ್ಗುತ್ತಿದ್ದವರು ಬೇರೆಯಾಗಿ ಹೊರಟವರು.

1900ರಲ್ಲಿ ಇನ್ನೊಂದು ಘಟನೆ ನಡೆಯಿತು. ಬ್ರನೋ ಮಠದ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿ ಯಾರೂ ಲಕ್ಷ್ಯ ಕೊಡದಿದ್ದ ಬಟಾಣಿ ಗಿಡಗಳ ಪ್ರಬಂಧ ಮತ್ತೆ ಬೆಳಕಿಗೆ ಬಂತು. ಪ್ರತಿ ಗುಣಕ್ಕೂ ಎರಡು ಅಂಶಗಳು, ಒಂದು ತಂದೆಯದು ಒಂದು ತಾಯಿಯದು. ಲಿಂಗಾಣುವಿಗೆ, ಅಂದರೆ ಅಂಡಾಣುವಿಗೋ ವೀರ್ಯಾಣುವಿಗೋ, ಎರಡರಲ್ಲಿ ಒಂದು ಮಾತ್ರ ಹೋಗುತ್ತದೆ. ಮೆಂಡೆಲ್ ಎಳೆಗಳನ್ನು ನೋಡಿರಲಿಲ್ಲ. ಎಳೆಗಳನ್ನು ನೋಡಿದವರು ಮೆಂಡೆಲ್‌ರನ್ನು ಓದಿರಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಮಾತನ್ನು ಎರಡು ಮನೆಯವರು ಬೇರೆ ಬೇರೆ ಭಾಷೆಯಲ್ಲಿ ಆಡಿಕೊಂಡಿದ್ದರು.

ಇಬ್ಬರು ಆ ಎರಡು ಮನೆಗಳ ನಡುವಿನ ಗೋಡೆ ಒಡೆದರು. ಒಬ್ಬರು ಬೊವೆರಿ. 1901-02ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್‌ನ ಕಡಲಜೀವಿ ಸಂಶೋಧನಾ ಕೇಂದ್ರದಲ್ಲಿ, ತಾವೂ ಜೀವಶಾಸ್ತ್ರಜ್ಞೆಯಾಗಿದ್ದ ಹೆಂಡತಿ ಮಾರ್ಸೆಲ್ಲಾ ಜೊತೆ ಸೇರಿ, ಸೀ ಅರ್ಚಿನ್ ಮೊಟ್ಟೆಗಳಿಗೆ ಬೇಕೆಂದೇ ಎರಡೆರಡು ವೀರ್ಯಾಣು ಸೇರುವಂತೆ ಮಾಡಿದರು. ಅಂಥ ಮೊಟ್ಟೆ ಒಂದೇಟಿಗೆ ಮೂರೋ ನಾಲ್ಕೋ ಆಗಿ ಒಡೆಯುತ್ತದೆ, ಎಳೆಗಳು ದಿಕ್ಕಾಪಾಲಾಗಿ ಹಂಚಿಹೋಗುತ್ತವೆ. ಬಹುಪಾಲು ಭ್ರೂಣಗಳು ವಿಕಾರಗೊಂಡು ಸತ್ತವು, ಒಂದೊಂದೂ ಒಂದೊಂದು ಬಗೆಯಲ್ಲಿ. ಎಷ್ಟು ಎಳೆ ಸಿಕ್ಕಿತೆಂಬುದಕ್ಕಿಂತ ಯಾವ ಯಾವ ಎಳೆ ಸಿಕ್ಕಿತೆಂಬುದು ಮುಖ್ಯ, ಪ್ರತಿ ವರ್ಣತಂತುವಿಗೂ ಅದರದೇ ಕೆಲಸವಿದೆ, ಪೂರ್ತಿ ಒಂದು ಕಟ್ಟು ಇಲ್ಲದೆ ಜೀವಿ ಬೆಳೆಯದು ಎಂಬ ತೀರ್ಮಾನಕ್ಕೆ ಬೊವೆರಿ ಬಂದರು.

ಇನ್ನೊಬ್ಬರು ಅಮೆರಿಕದ ಕನ್ಸಾಸ್ ರಾಜ್ಯದ ರೈತರ ಮಗ, ಆಗ 25ರ ವಯಸ್ಸಿನ ವಾಲ್ಟರ್ ಸಟನ್. ಅಪ್ಪನ ಜಮೀನಿನಲ್ಲಿ ಗೋಧಿ ಕೊಯ್ಲಿನ ಹೊತ್ತಿಗೆ ಕುಪ್ಪಳಿಸುತ್ತಿದ್ದ ಗಡವ ಮಿಡತೆಗಳನ್ನು ಹಿಡಿದು ಕನ್ಸಾಸ್ ವಿಶ್ವವಿದ್ಯಾಲಯದ ಗುರು ಕ್ಲಾರೆನ್ಸ್ ಮೆಕ್‌ಕ್ಲಂಗ್ ಅವರಿಗೆ ತಂದುಕೊಟ್ಟವರು. ಆ ಮಿಡತೆಯ ಕೋಶಗಳು ಎಷ್ಟು ದೊಡ್ಡವೆಂದರೆ ಎಳೆಗಳನ್ನು ಒಂದೊಂದಾಗಿ ಗುರುತು ಹಿಡಿಯಬಹುದಿತ್ತು. ಸಟನ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಎಡ್ಮಂಡ್ ವಿಲ್ಸನ್ ಕೈಕೆಳಗೆ ಕೂತು ಅಳೆದರು. 11 ಜೋಡಿ, ಜೊತೆಗೆ ಜೋಡಿಯಿಲ್ಲದ ಇನ್ನೊಂದು. ದೊಡ್ಡದರಿಂದ ಚಿಕ್ಕದಕ್ಕೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಗಳು. ಕೋಶದಿಂದ ಕೋಶಕ್ಕೆ ಅದೇ ಅಳತೆ. 1902ರ ಪ್ರಬಂಧದ ಕೊನೆಯಲ್ಲಿ, ಈ ಜೋಡಿಗಳು ಕೂಡಿ ಬೇರೆಯಾಗುವುದೇ ಮೆಂಡೆಲ್ ನಿಯಮಕ್ಕೆ ಆಧಾರವಾಗಿರಬಹುದು ಎಂದು ಸೂಚಿಸಿ, 1903ರಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಶಿಷ್ಯ ಮೊದಲ ಸಲ ಹೇಳಿದಾಗ ಅದರ ಪೂರ್ತಿ ತೂಕ ತಮಗೆ ತಿಳಿಯಲಿಲ್ಲವೆಂದು ವಿಲ್ಸನ್ ಮುಂದೆ ತಾವೇ ಒಪ್ಪಿಕೊಂಡರು.

ಸಟನ್ ಮಾಡಿದ ಇನ್ನೊಂದು ಲೆಕ್ಕವಿದೆ. ಒಂದು ಜೋಡಿಯಲ್ಲಿ ತಂದೆಯ ತಂತು ಯಾವ ಕಡೆ ಹೋಗುತ್ತದೆಂಬುದಕ್ಕೂ ಪಕ್ಕದ ಜೋಡಿಗೂ ಸಂಬಂಧವಿಲ್ಲ ಎಂದಿಟ್ಟುಕೊಂಡರೆ ಪ್ರತಿ ಜೋಡಿಗೂ ಎರಡು ಸಾಧ್ಯತೆ. ಮನುಷ್ಯರ 23 ಜೋಡಿಗೆ ಈ ಲೆಕ್ಕ ಹಾಕಿದರೆ ಒಬ್ಬ ವ್ಯಕ್ತಿಯಿಂದ 83,88,608 ಬಗೆಯ ಲಿಂಗಾಣುಗಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರ ಮೂಗು ಒಂದಿದ್ದರೆ ಮಾತು ಇನ್ನೊಂದಾಗುವುದಕ್ಕೆ ಇದೊಂದೇ ಸಾಕು. ಜೋಡಿಗಳು ನಿಜಕ್ಕೂ ಹಾಗೆ ಸ್ವತಂತ್ರವಾಗಿ ಬೇರೆಯಾಗುತ್ತವೆಂದು 1913ರಲ್ಲಿ ಎಲಿನರ್ ಕರೋದರ್ಸ್ ಮಿಡತೆಗಳಲ್ಲೇ ತೋರಿಸಿದರು. ಜೋಡಿಯ ಎರಡು ತಂತುಗಳ ಗಾತ್ರ ಬೇರೆಬೇರೆ ಇರುವ ಮಿಡತೆಗಳನ್ನು ಹುಡುಕಿ, ನೂರಾರು ಕೋಶಗಳಲ್ಲಿ ಯಾವುದು ಎತ್ತ ಹೋಯಿತೆಂದು ಎಣಿಸಿದರು. ಸರಿಸುಮಾರು ಅರ್ಧಕ್ಕರ್ಧ ಬಂತು. ಅಷ್ಟು ಹೊತ್ತಿಗೆ ಸಟನ್ ಪ್ರಯೋಗಾಲಯ ಬಿಟ್ಟು ಶಸ್ತ್ರವೈದ್ಯರಾಗಿದ್ದರು. 1916ರಲ್ಲಿ ಅಪೆಂಡಿಕ್ಸ್ ಒಡೆದು ತೀರಿಕೊಂಡಾಗ ಅವರಿಗೆ 39 ವರ್ಷ.

ಜೋಡಿಯಿಲ್ಲದ ಆ ಇನ್ನೊಂದು ತಂತುವಿನ ಕಥೆಯನ್ನು ಬಿಟ್ಟರೆ ಈ ಇತಿಹಾಸಕ್ಕೆ ಅನ್ಯಾಯ. ಅದರ ಗುಟ್ಟು ಬಿಡಿಸಿದವರಲ್ಲಿ ಮೊದಲಿಗರು ನೆಟ್ಟಿ ಸ್ಟೀವನ್ಸ್. ಶಾಲೆಯಲ್ಲಿ ಪಾಠ ಹೇಳಿ ಹಣ ಕೂಡಿಟ್ಟು, 35ರ ವಯಸ್ಸಿನಲ್ಲಿ ಸ್ಟ್ಯಾನ್‌ಫರ್ಡ್ ಸೇರಿದವರು. ಆಮೇಲೆ ಬ್ರಿನ್ ಮಾರ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿ, ಬೊವೆರಿ ಬಳಿಯೂ ಕೆಲಸ ಕಲಿತರು. 1905ರಲ್ಲಿ ಅವರು ನೋಡಿದ್ದು ಹಿಟ್ಟಿನಲ್ಲಿ ಬೀಳುವ ಹುಳುವಿನ ಜಾತಿಯ ಒಂದು ಜೀರುಂಡೆಯನ್ನು. ಹೆಣ್ಣಿನ ಕೋಶದಲ್ಲಿ 20 ದೊಡ್ಡ ತಂತು. ಗಂಡಿನಲ್ಲಿ 19 ದೊಡ್ಡವು, ಒಂದು ಪುಟ್ಟದು. ಮಿಯಾಸಿಸ್ಸಿನಲ್ಲಿ ಆ ಪುಟ್ಟ ತಂತು ಒಂದು ಕಡೆ ಹೋದರೆ ಅದರ ದೊಡ್ಡ ಜೊತೆಗಾರ ಇನ್ನೊಂದು ಕಡೆ. ಹಾಗಾಗಿ ವೀರ್ಯಾಣುಗಳಲ್ಲಿ ಎರಡು ಬಗೆ: ಅರ್ಧದಲ್ಲಿ 10 ದೊಡ್ಡ ತಂತು, ಅರ್ಧದಲ್ಲಿ 9 ದೊಡ್ಡದು ಒಂದು ಪುಟ್ಟದು. ಮೊದಲ ಬಗೆ ಸೇರಿದರೆ ಹೆಣ್ಣು, ಎರಡನೆಯದು ಸೇರಿದರೆ ಗಂಡು. ವಿಲ್ಸನ್ ಕೂಡ ಅದೇ ವರ್ಷ ಬೇರೆ ಕೀಟಗಳಲ್ಲಿ ಇಂಥದೇ ತೀರ್ಮಾನಕ್ಕೆ ಬಂದರು. ಸ್ಟೀವನ್ಸ್ 1912ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು.

ಎಕ್ಸ್ ಮತ್ತು ವೈ ಎಂದು ಇವತ್ತು ಎಲ್ಲರ ಬಾಯಲ್ಲೂ ಇರುವ ಮಾತಿನ ಮೂಲ ಇಂಥ ಹುಳುಗಳಲ್ಲಿದೆ. ಮನುಷ್ಯರಲ್ಲೂ ಮಗು ಗಂಡೋ ಹೆಣ್ಣೋ ಎಂಬುದನ್ನು ಗೊತ್ತುಮಾಡುವುದು ಅಪ್ಪನ ವೀರ್ಯಾಣು ಹೊತ್ತು ತರುವ ತಂತು. ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆ ಹೊತ್ತಿಗಾಗಲೇ ಸ್ಟೀವನ್ಸ್ ಅವರ ಪ್ರಬಂಧ ಅಚ್ಚಾಗಿ ಅರ್ಧ ಶತಮಾನ ಕಳೆದಿತ್ತು.

ಅದೇ 1905ರಲ್ಲಿ ಇಂಗ್ಲೆಂಡಿನ ಫಾರ್ಮರ್ ಮತ್ತು ಮೂರ್ ಎಂಬಿಬ್ಬರು ಈ ಎಲ್ಲ ಪ್ರಕ್ರಿಯೆಗೆ ಮಿಯಾಸಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಕಡಿಮೆಯಾಗುವುದು ಎಂಬರ್ಥದ ಪದ ಅದು. ಮೂವತ್ತು ವರ್ಷ ಎಲ್ಲರೂ ಬೆನ್ನಟ್ಟಿದ್ದು ಆ ಕಡಿಮೆಯಾಗುವುದನ್ನೇ ಆದ್ದರಿಂದ ಹೆಸರು ಸಹಜವೇ. ಆದರೆ ಹೆಸರಿಟ್ಟ ನಾಲ್ಕೇ ವರ್ಷಕ್ಕೆ ಅದು ಸಾಲದೆನಿಸಿತು. ಬೆಲ್ಜಿಯಂನ ಲೂವೇನ್‌ನಲ್ಲಿ ಪಾದ್ರಿಯೂ ಪ್ರಾಧ್ಯಾಪಕರೂ ಆಗಿದ್ದ ಫ್ರಾನ್ಸ್ ಆಲ್ಫೋನ್ಸ್ ಯಾನ್ಸೆನ್ಸ್ 1909ರಲ್ಲಿ ನನ್ನ ಮಿಡತೆಯ ಗಾಜಿನಲ್ಲಿ ಕಂಡಂಥ ಅಡ್ಡಕಡ್ಡಿಯ ಆಕೃತಿಗಳ ಅರ್ಥ ಹೇಳಿದರು. ಜೋಡಿಗೂಡಿದ ತಂತುಗಳು ಅಲ್ಲಲ್ಲಿ ಮುರಿದು, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಬೆಸೆದುಕೊಳ್ಳುತ್ತವೆ. ಅಂದರೆ ಬೇರೆಯಾಗಿ ಹೊರಡುವ ತಂತು ಪೂರ್ತಿ ಅಪ್ಪನದೂ ಅಲ್ಲ, ಪೂರ್ತಿ ಅಮ್ಮನದೂ ಅಲ್ಲ. ಎರಡನ್ನೂ ತುಂಡುತುಂಡು ಹೊಲಿದ ಕೌದಿ. ನ್ಯೂಯಾರ್ಕಿನಲ್ಲಿ ಹಣ್ಣಿನ ನೊಣಗಳನ್ನು ಸಾಕಿಕೊಂಡಿದ್ದ ಥಾಮಸ್ ಹಂಟ್ ಮಾರ್ಗನ್ ಈ ಮಾತನ್ನು ಕೂಡಲೇ ಹಿಡಿದುಕೊಂಡರು. ಅವರ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟಿವಾಂಟ್, ಇನ್ನೂ ಪದವಿ ಮುಗಿಸದ ಹುಡುಗ, 1911ರ ಒಂದು ರಾತ್ರಿ ಮನೆಪಾಠವನ್ನೆಲ್ಲ ಬದಿಗಿಟ್ಟು, ಅದಲುಬದಲಾಗುವ ಪ್ರಮಾಣದಿಂದಲೇ ಒಂದು ತಂತುವಿನ ಮೇಲೆ ಜೀನ್‌ಗಳ ಮೊದಲ ನಕ್ಷೆ ಬರೆದ. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಮುಸುಕಿನ ಜೋಳದಲ್ಲಿ ಆ ವಿನಿಮಯವನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು.

ಈ ಅದಲುಬದಲು ಆಕಸ್ಮಿಕವಲ್ಲ. ವರ್ಣತಂತುವಿನೊಳಗಿನ ಡಿಎನ್‌ಎ ತುಂಡಾದರೆ ದೇಹದ ಯಾವ ಕೋಶಕ್ಕೂ ಗಂಡಾಂತರ. ಆದರೆ ಮಿಯಾಸಿಸ್ಸಿಗೆ ಹೊರಟ ಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಅದಕ್ಕೆ ಬಳಸುವ ಕತ್ತರಿ ಯಾವ ಪ್ರೋಟೀನ್ ಎಂಬುದು 1997ರಲ್ಲಿ ಯೀಸ್ಟ್‌ನಲ್ಲಿ ಗೊತ್ತಾಯಿತು. ಕತ್ತರಿಸಿದ ಗಾಯವನ್ನು ಎದುರಿನ ತಂತುವಿನ ಸಹಾಯದಿಂದ ಹೊಲಿದುಕೊಳ್ಳುವಾಗ ಎರಡೂ ಒಂದಕ್ಕೊಂದು ಗಂಟುಬೀಳುತ್ತವೆ. ಆ ಗಂಟು ಇರುವುದರಿಂದಲೇ ಎರಡು ದಿಕ್ಕಿನಿಂದ ಎಳೆತ ಬಿದ್ದಾಗ ಜೋಡಿ ನೆಟ್ಟಗೆ ನಿಲ್ಲುತ್ತದೆ, ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ.

ಕೂಡಲಾಗದಿದ್ದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಕುದುರೆಗೆ 64 ವರ್ಣತಂತು, ಕತ್ತೆಗೆ 62. ಎರಡಕ್ಕೂ ಹುಟ್ಟುವ ಹೇಸರಗತ್ತೆಗೆ 32 ಕೂಡಿಸು 31, ಒಟ್ಟು 63. ಮೈಯಲ್ಲಿ ಕಸುವಿದೆ, ದುಡಿಮೆಗೆ ಎಣೆಯಿಲ್ಲ; ಲಿಂಗಾಣು ಮಾಡುವ ಹೊತ್ತಿಗೆ ಮಾತ್ರ ತಂತುಗಳಿಗೆ ಸರಿಯಾದ ಜೊತೆ ಸಿಗದೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೇಸರಗತ್ತೆಗೆ ಮರಿಯಿಲ್ಲ. ನಾವು ದಿನಾ ತಿನ್ನುವ ಪಚ್ಚಬಾಳೆಯಲ್ಲಿ ಹನ್ನೊಂದು ತಂತುಗಳ ಕಟ್ಟು ಮೂರು, ಒಟ್ಟು 33. ಮೂವರನ್ನು ಇಬ್ಬಿಬ್ಬರ ಜೋಡಿ ಮಾಡುವುದು ಹೇಗೆ? ಅದು ಬೀಜ ಕಟ್ಟದಿರಲು ಇದೊಂದು ಮುಖ್ಯ ಕಾರಣ. ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ನಡುವೆ ಕಾಣುವ ಕಪ್ಪುಚುಕ್ಕೆಗಳು ಬೀಜವಾಗದೆ ಬಾಡಿದ ಅಂಡಕಗಳು. ಕಂದು ನೆಟ್ಟೇ ತೋಟ ಮಾಡಬೇಕು.

ಮನುಷ್ಯರ ತಂತುಗಳ ಎಣಿಕೆ ಮಾತ್ರ ಬಹಳ ಕಾಲ ಸತಾಯಿಸಿತು. ಮೂವತ್ತು ವರ್ಷಕ್ಕೂ ಮಿಕ್ಕಿ 48 ಎಂದೇ ಪುಸ್ತಕಗಳಲ್ಲಿ ಅಚ್ಚಾಯಿತು. ಅದು 46 ಎಂದು ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೊ 1955ರ ಡಿಸೆಂಬರಿನಲ್ಲಿ ಕಂಡು, ಮರುವರ್ಷ ಆಲ್ಬರ್ಟ್ ಲೆವಾನ್ ಜೊತೆ ಪ್ರಕಟಿಸಿದರು. 1959ರಲ್ಲಿ ಪ್ಯಾರಿಸ್ಸಿನ ಮಾರ್ಥ್ ಗೋಟಿಯೆ, ಜೆರೋಮ್ ಲೆಜೂನ್ ಮತ್ತು ರೇಮಂಡ್ ಟರ್ಪಿನ್, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ತಂತು ಇರುವುದನ್ನು ವರದಿ ಮಾಡಿದರು. 21ನೆಯದು ಎರಡರ ಬದಲು ಮೂರು. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣ ತಾಯಿಯ ಮೊಟ್ಟೆ ಹುಟ್ಟುವಾಗ ಒಂದು ಜೋಡಿ ಬಿಚ್ಚಿಕೊಳ್ಳದೆ ಒಂದೇ ಕಡೆಗೆ ಹೋದದ್ದು. ಇದರಲ್ಲಿ ತಾಯಿಯ ತಪ್ಪು ಲವಲೇಶವೂ ಇಲ್ಲ. ಕಾರಣವಿರುವುದು ಮೊಟ್ಟೆ ಕಾಯುವ ಕಾಲದಲ್ಲಿ.

ಗಂಡಸಿನಲ್ಲಿ ಮಿಯಾಸಿಸ್ ಶುರುವಾಗುವುದು ಹರೆಯದಲ್ಲಿ. ಆಮೇಲೆ ನಿಲ್ಲದೆ ನಡೆಯುತ್ತದೆ. ಹೆಂಗಸಿನಲ್ಲಿ ಅದು ಶುರುವಾಗುವುದು ಆಕೆ ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗ. ತಂತುಗಳು ಜೋಡಿಗೂಡಿ, ತುಂಡುಗಳ ವಿನಿಮಯ ಮುಗಿಸಿ, ಗಂಟುಬಿದ್ದ ಸ್ಥಿತಿಯಲ್ಲಿಯೇ ನಿಂತುಬಿಡುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಮೊಟ್ಟೆಕೋಶಗಳು ಹೀಗೆ ಕಾಯುತ್ತಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿದಿರುವುದು ಮೂರು ನಾಲ್ಕು ಲಕ್ಷ. ಅವುಗಳಲ್ಲಿ ಹಣ್ಣಾಗಿ ಹೊರಬರುವುದು ಬದುಕಿಡೀ ಸುಮಾರು ನಾನೂರು. ಮೂವತ್ತೈದು ನಲವತ್ತು ವರ್ಷ ಕಾದ ತಂತುಗಳನ್ನು ಹಿಡಿದಿಟ್ಟ ಕಟ್ಟುಗಳು ಸಡಿಲವಾಗುತ್ತ ಬರುತ್ತವೆ. ತಾಯಿಯ ವಯಸ್ಸು ಏರಿದಂತೆ ಎಣಿಕೆ ತಪ್ಪುವ ಸಂಭವವೂ ಏರುವುದು ಇದರಿಂದ.

ಹೊರಬರುವ ಮೊಟ್ಟೆ ಮೊದಲ ವಿಭಜನೆ ಮುಗಿಸಿ ಒಂದು ಧ್ರುವಕಾಯ ತಳ್ಳುತ್ತದೆ. ಎರಡನೆಯದರ ನಡುವೆ ಮತ್ತೆ ನಿಲ್ಲುತ್ತದೆ. ಇನ್ನು ಮುಂದಕ್ಕೆ ಹೋಗುವುದು ವೀರ್ಯಾಣು ಒಳಬಂದರೆ ಮಾತ್ರ. ಬಾರದಿದ್ದರೆ ಆ ಮೊಟ್ಟೆಯ ಮಿಯಾಸಿಸ್ ಎಂದಿಗೂ ಪೂರ್ತಿಯಾಗುವುದಿಲ್ಲ, ಹಾಗೆಯೇ ಕರಗಿಹೋಗುತ್ತದೆ. ಕುದುರೆಯ ಹುಳುವಿನ ಮೊಟ್ಟೆಯೂ ವೀರ್ಯಾಣುವಿಗೆ ಕಾಯುವ ಜಾತಿಯದು, ಅದು ಎರಡೂ ವಿಭಜನೆಗಳನ್ನು ಬಾಕಿಯಿಟ್ಟುಕೊಂಡೇ ಕಾಯುತ್ತದೆ. ಲಿಯೇಜಿನಲ್ಲಿ 1883ರಲ್ಲಿ ವಾನ್ ಬೆನೆಡನ್ ಕಂಡದ್ದು ಆ ಗಳಿಗೆಯನ್ನು: ಮೊಟ್ಟೆಯ ನಟ್ಟನಡುವೆ ವೀರ್ಯಾಣು ಅಲುಗಾಡದೆ ಕೂತಿದೆ, ಅಂಚಿನಲ್ಲಿ ಮೊಟ್ಟೆ ತನ್ನ ಎಳೆಗಳನ್ನು ಪಾಲು ಮಾಡಿ ಮುಗಿಸುತ್ತಿದೆ.